ಬೀದಿಗೆ ಕೇಳಿಸುವಷ್ಟು

ನಮ್ಮ ಊರಿನಲ್ಲಿ ಡಾಕ್ಟರೇಟ್ ಪಡೆದವರು ಒಬ್ಬರೇ ಇದ್ದರು. ಅವರ ಮನೆ ಊರಾಚೆ, ಕಲ್ಲಿನ ಕ್ವಾರಿಯ ಪಕ್ಕದಲ್ಲಿ. ಪದವಿ ಕೈಗೆ ಬಂದ ಕೂಡಲೇ ಊರವರು ಅವರಿಗೆ ಹಾರ ಹಾಕಿ, ಶಾಲು ಹೊದಿಸಿ, ಸಾಮಾನು ಕಟ್ಟಲು ತಾವೇ ಕೈಹಚ್ಚಿ, ಗಾಡಿಯಲ್ಲಿ ಕೂರಿಸಿ ಅಲ್ಲಿಗೆ ಕಳಿಸಿಕೊಟ್ಟಿದ್ದರು. ದ್ವೇಷವೇನಿರಲಿಲ್ಲ. ಸಾರಿಗೆ ಉಪ್ಪು ಕಡಿಮೆಯಾಗಿದೆಯೆಂದು ಅವರು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರೂ ಇಡೀ ಊರಿನ ಊಟದ ರುಚಿ ಕೆಡುತ್ತಿತ್ತು, ಅಷ್ಟೇ.

ಉಳಿದವರ ಮಾತು ಅವರವರ ಸರ್ಟಿಫಿಕೇಟಿನಷ್ಟು ದೂರ ಹೋಗುತ್ತಿತ್ತು. ಶಾಲೆಯ ಮುಖ ನೋಡದವರ ಮಾತು ಒಂದು ತೋಳಿನಳತೆಯನ್ನು ದಾಟುತ್ತಿರಲಿಲ್ಲ. ಏಳನೆಯ ಇಯತ್ತೆ ಮುಗಿಸಿದವರದು ಅಡುಗೆಮನೆಯಿಂದ ಪಡಸಾಲೆಗೆ ಮುಟ್ಟುತ್ತಿತ್ತು; ಹೀಗಾಗಿ ಸೊಸೆ ಹುಡುಕುವವರು ಏಳನೆಯ ಇಯತ್ತೆಯ ಹುಡುಗಿಯರನ್ನೇ ಕೇಳಿಕೊಂಡು ಬರುತ್ತಿದ್ದರು, ಅದಕ್ಕಿಂತ ಹೆಚ್ಚು ಓದಿಸಿದ ತಂದೆಯನ್ನು ಅನುಮಾನದಿಂದ ನೋಡುತ್ತಿದ್ದರು. ಮೆಟ್ರಿಕ್ ಆದವರ ಮಾತು ಒಂದು ಬೀದಿಗೆ, ಬಿ.ಎ. ಆದವರದು ನಾಲ್ಕಾರು ಓಣಿಗೆ, ಎಂ.ಎ. ಆದವರದು ಇಡೀ ಊರಿಗೆ. ಪಿಸುಗುಟ್ಟಿದರೂ ಅಷ್ಟೇ ದೂರ, ಅರಚಿದರೂ ಅಷ್ಟೇ ದೂರ. ನಗು, ಅಳು, ಕೆಮ್ಮು, ಸೀನುಗಳಿಗೆ ಪರೀಕ್ಷೆಯಿರಲಿಲ್ಲ. ಅವು ಎಲ್ಲರವೂ ಒಂದೇ ರೀತಿ ಕೇಳಿಸುತ್ತಿದ್ದವು. ಓದಿದ್ದು ತಲೆಗೆ ಹತ್ತಿತೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಸರ್ಟಿಫಿಕೇಟು ಕೈಗೆ ಬಂದ ಗಳಿಗೆಯಿಂದ ಮಾತು ಉದ್ದವಾಗುತ್ತಿತ್ತು. ಹೆಂಡತಿಯೊಡನೆ ಏಕಾಂತ ಬೇಕೆಂದು ಒಬ್ಬ ಪುಣ್ಯಾತ್ಮ ತನ್ನ ಬಿ.ಎ. ಸರ್ಟಿಫಿಕೇಟನ್ನು ಬಚ್ಚಲ ಒಲೆಗೆ ಹಾಕಿ ನೋಡಿದ. ಮಾತು ಒಂದು ಗೇಣೂ ಗಿಡ್ಡವಾಗಲಿಲ್ಲ. ಅದರ ಮೇಲೆ, ಸರ್ಟಿಫಿಕೇಟಿನ ನಕಲಿಗಾಗಿ ಕಚೇರಿಗೆ ಅಲೆಯುವ ಕೆಲಸ ಬಂತು.

ಇಂಥ ಊರಿನಲ್ಲಿ ಓದಿದವರು ಬದುಕಬೇಕಾದರೆ ಒಂದು ಮರ್ಯಾದೆ ಬೇಕಾಗುತ್ತದೆ, ಅದನ್ನು ಊರು ಬೆಳೆಸಿಕೊಂಡಿತ್ತು. ಓದಿದವರ ಮನೆಯ ಮಾತು ಕೇಳಿಸಿದರೆ ಕೇಳಿಸಿಲ್ಲವೆಂಬಂತೆ ಇರುವುದು. ಪುರಸಭೆಯ ಅಧ್ಯಕ್ಷ ಮಹಾರುದ್ರಪ್ಪನವರೂ ಅವರ ಹೆಂಡತಿ ಸರ್ವಮಂಗಳಾ ಅವರೂ ಇಬ್ಬರೂ ಎಂ.ಎ. ದಿನಾ ಬೆಳಿಗ್ಗೆ ಹಾಲು ಉಕ್ಕುವ ಹೊತ್ತಿಗೆ ಸರ್ವಮಂಗಳಾ ಅವರು, ನಿಮ್ಮ ಹೆಸರಿನಲ್ಲಿ ಕೂತು ಎಂ.ಎ. ಪೇಪರು ಬರೆದವನು ನಮ್ಮಪ್ಪ ಎಂಬುದನ್ನು ಮರೆಯಬೇಡಿರಿ ಎಂದು ಗಂಡನಿಗೆ ನೆನಪಿಸುತ್ತಿದ್ದರು. ಇಡೀ ಊರಿಗೆ ಕೇಳಿಸುತ್ತಿತ್ತು. ಇಡೀ ಊರು ಹಲ್ಲುಜ್ಜುತ್ತಿತ್ತು. ಆಮೇಲೆ ಅಧ್ಯಕ್ಷರು ಬೀದಿಗೆ ಬಂದರೆ ಜನ ಎದ್ದು ನಿಂತು ಕೈಮುಗಿಯುತ್ತಿದ್ದರು. ಅವರು ಮನೆಯ ಕಟ್ಟೆಯ ಮೇಲೆ ಕೂತು ಹೇಳಿದ್ದು ಊರ ಕೊನೆಯ ಗುಡಿಸಲಿಗೂ ಮುಟ್ಟುತ್ತಿತ್ತು, ಅಷ್ಟು ದೂರ ಬಂದ ಮಾತನ್ನು ಸಣ್ಣದು ಅನ್ನಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ.

ನಾನು ಬಿ.ಎ. ಊರಿನ ಗ್ರಂಥಾಲಯ ನನ್ನ ಸುಪರ್ದಿಯಲ್ಲಿತ್ತು. ಅಲ್ಲಿ ಮಾತಾಡಬಾರದೆಂಬ ಬೋರ್ಡನ್ನು ಅಕ್ಷರಶಃ ಪಾಲಿಸಲು ಸಾಧ್ಯವಿದ್ದವರು ಓದಲು ಬಾರದವರು ಮಾತ್ರ. ಅವರು ಯಾರೂ ಬರುತ್ತಿರಲಿಲ್ಲ. ಬಂದವರು ಪಕ್ಕದವನನ್ನು ಪೇಪರು ಕೇಳಿದರೆ ನಾಲ್ಕು ಓಣಿಯಾಚೆಯ ಹಿಟ್ಟಿನ ಗಿರಣಿಯವನು, ಇವತ್ತಿನ ಪೇಪರು ನನ್ನ ಹತ್ತಿರ ಐತಿ ಎಂದು ಕೈ ಎತ್ತುತ್ತಿದ್ದ. ಹೀಗಾಗಿ ನಾನು ಮಾತು ಕಡಿಮೆ ಮಾಡಿ ಕೇಳುವುದನ್ನು ಹೆಚ್ಚು ಮಾಡಿಕೊಂಡಿದ್ದೆ. ಕೇಳಲು ಊರಿನಲ್ಲಿ ಒಂದೇ ಒಳ್ಳೆಯ ಜಾಗವಿತ್ತು, ಫಕೀರವ್ವನ ಖಾನಾವಳಿ.

ಫಕೀರವ್ವ ಗಂಡ ಸತ್ತ ಮೇಲೆ ಒಬ್ಬಳೇ ನಿಂತು ಖಾನಾವಳಿ ಕಟ್ಟಿದವಳು. ನಲವತ್ತು ದಾಟಿತ್ತು. ಅಕ್ಷರ ಕಲಿತಿರಲಿಲ್ಲ, ಆದ್ದರಿಂದ ಅವಳ ಮಾತು ತೋಳಿನಳತೆಯದು. ಒಳಗೆ ಒಂದೇ ಉದ್ದ ಬೆಂಚು, ಅದರ ನಟ್ಟನಡುವಿಗೆ ಎದುರಾಗಿ ಒಲೆ. ರೊಟ್ಟಿ ಬಡಿಯುತ್ತ ಅವಳು ಮುಂದಕ್ಕೆ ಬಾಗಿ ಒಂದು ಮಾತು ಬಿಡುತ್ತಿದ್ದಳು. ಅದು ನಡುವೆ ಕೂತ ಇಬ್ಬರಿಗಷ್ಟೇ ಕೇಳಿಸುವುದು. ಅವರು ನಕ್ಕು, ಆಚೀಚೆಯವರ ಕಿವಿಗೆ ದಾಟಿಸುವರು. ಆ ಇಬ್ಬರು ನಕ್ಕು ಮುಂದಕ್ಕೆ. ನಗು ನಡುವಿನಿಂದ ಹೊರಟು ಎರಡೂ ತುದಿಗೆ ಹರಿಯುತ್ತಿತ್ತು, ಚಾಪೆ ಬಿಚ್ಚಿದ ಹಾಗೆ. ಕಟ್ಟಕಡೆಗೆ ನಗುತ್ತಿದ್ದವನು ತನ್ನ ಅಂಗಡಿಯ ಮೇಲೆ ಕಣ್ಣಿಡಲು ಬಾಗಿಲ ಬಳಿ ಕೂರುತ್ತಿದ್ದ ದಾದಾಪೀರ, ಎದುರಿನ ಅಂಗಡಿಯ ದರ್ಜಿ. ಅವನದು ಕೆಮ್ಮು ಬೆರೆತ ದೊಡ್ಡ ನಗು. ಅದು ಕೇಳಿಸಿತೆಂದರೆ ಮಾತು ತುದಿ ಮುಟ್ಟಿತೆಂದು ಅರ್ಥ. ಆಗ ಫಕೀರವ್ವ ಇನ್ನೊಂದು ರೊಟ್ಟಿ ಕೈಗೆತ್ತಿಕೊಳ್ಳುತ್ತಿದ್ದಳು.

ಈ ಏರ್ಪಾಡಿನಲ್ಲಿ ಮಾತು ದಾಟಿಸುವವರು ಓದಿರಬಾರದು. ಮೆಟ್ರಿಕ್ ಆದವನೊಬ್ಬ ನಡುವೆ ಕೂತು ಪಕ್ಕದವನ ಕಿವಿಯಲ್ಲಿ ಹೇಳಿದರೆ ಅದು ಬೀದಿಗೇ ಹೇಳಿದಂತೆ. ಅದಕ್ಕೆ ಓದಿದವರೆಲ್ಲ ಬೆಂಚಿನ ಎರಡು ತುದಿಗೆ, ಮಾತು ಎಲ್ಲರ ಬಾಯಲ್ಲಿ ಅಗಿದು ಬಂದ ಮೇಲೆ ಪಡೆಯಬೇಕು. ನನಗೆ ಮಾತ್ರ ಅವಳು ಒಲೆಯ ಪಕ್ಕದಲ್ಲೊಂದು ಮಣೆ ಕೊಟ್ಟಿದ್ದಳು. ಬಾಯಿ ಮುಚ್ಚಿಕೊಂಡು ಕೂಡೂದಾದ್ರ ಕೂಡ್ರಿ ಸರ, ಎಂಬ ಷರತ್ತಿನ ಮೇಲೆ. ನಾನು ತಲೆಯಾಡಿಸುತ್ತ ಊಟ ಮಾಡುತ್ತಿದ್ದೆ. ಅವಳು ಒಳ್ಳೆಯವಳೆಂದು ನಾನು ಹೇಳುತ್ತಿಲ್ಲ. ಮಂದಿಯ ಮರ್ಮ ನೋಡಿ ಚುಚ್ಚುತ್ತಿದ್ದಳು, ತನ್ನ ಮಾತಿಗೆ ಗಂಡಸರು ಕುತ್ತಿಗೆ ಚಾಚಿ ಕಾಯುವುದನ್ನು ಕಂಡು ಒಳಗೊಳಗೇ ಹಿಗ್ಗುತ್ತಿದ್ದಳು, ನಡುವಿನ ಜಾಗ ಇವತ್ತು ಯಾರಿಗೆ ಎಂಬುದನ್ನು ರಾಣಿಯ ಹಾಗೆ ತೀರ್ಮಾನಿಸುತ್ತಿದ್ದಳು. ಅಧ್ಯಕ್ಷರ ಬಗ್ಗೆ ಅವಳು ಹೇಳಿದ ಮಾತು ಅಲ್ಲಿ ಹಳೆಯ ನಾಣ್ಯದಂತೆ ಚಲಾವಣೆಯಲ್ಲಿತ್ತು: ದನಿ ಮಾವಂದು, ಬಾಯಿ ಅಷ್ಟ ಅಳಿಯಂದು. ಅದನ್ನು ಎಷ್ಟು ಸಲ ಹೇಳಿದರೂ ಬೆಂಚು ಅಷ್ಟೂ ಸಲ ನಡುವಿನಿಂದ ತುದಿಯವರೆಗೆ ನಕ್ಕಿತ್ತು.

ಹೀಗಿರುವಾಗ ಸಂತೆಪೇಟೆಯಲ್ಲಿ ಒಂದು ಚಹಾದ ಅಂಗಡಿಗೆ ಬೆಂಕಿ ಬಿತ್ತು. ಅಂಗಡಿಯವನು ಓದಿದವನಲ್ಲ. ಬೆಂಕಿ ಬೆಂಕಿ ಎಂದು ಅವನು ಕೂಗಿಯೇ ಕೂಗಿದನಂತೆ; ಪಕ್ಕದ ಅಂಗಡಿಯವನಿಗೆ ಗೊತ್ತಾದದ್ದು ಹೊಗೆ ಕಂಡಾಗ. ಜೀವ ಉಳಿಯಿತು, ಅಂಗಡಿ ಉಳಿಯಲಿಲ್ಲ. ಪುರಸಭೆ ಸಭೆ ಸೇರಿತು. ಅಧ್ಯಕ್ಷರು ಮಾತಾಡಿದ್ದು ಎಲ್ಲರಿಗೂ ಮನೆಯಲ್ಲೇ ಕೇಳಿಸಿತು. ಇನ್ನು ಮುಂದೆ ಒಲೆ ಹೂಡಿ ವ್ಯಾಪಾರ ಮಾಡುವವರು ಮೆಟ್ರಿಕ್ ಆಗಿರತಕ್ಕದ್ದು, ಅವರು ಬೆಂಕಿ ಎಂದರೆ ಬೀದಿಗೆ ಕೇಳಿಸತಕ್ಕದ್ದು, ಇಲ್ಲವಾದರೆ ಪರವಾನಗಿ ಇಲ್ಲ. ಎರಡು ವರ್ಷ ಗಡುವು. ಕೆಟ್ಟ ಕಾನೂನು ಎಂದು ತಳ್ಳಿಹಾಕುವಂತೆಯೂ ಇರಲಿಲ್ಲ, ಅದೇ ಅದರ ಕಷ್ಟ. ಎಲ್ಲ ಅಂಗಡಿಯಲ್ಲೂ ಒಂದು ಗಂಟೆ ತೂಗುಹಾಕಿದರೆ ಸಾಕಲ್ಲವೇ ಎಂದು ಕ್ವಾರಿಯ ಬಳಿಯ ಡಾಕ್ಟರು ತಮ್ಮ ಮನೆಯಿಂದಲೇ ಕೇಳಿದರು. ಮರ್ಯಾದೆಗಾಗಿ ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ.

ಫಕೀರವ್ವನಿಗೆ ಸುಲಭದ ದಾರಿಯೊಂದಿತ್ತು. ಅವಳ ಮೈದುನ ಗುರುಶಾಂತ ಬಿ.ಎ. ಓದಿದ ಮೇಲೆ ಅವನು ಮಾಡಿದ ಕೆಲಸವೆಂದರೆ ಓದಿದ್ದೇನೆಂದು ಹೇಳುವುದು, ಅದನ್ನು ನಾಲ್ಕಾರು ಓಣಿ ಕೇಳುವುದು. ಅವನು ಬಂದು ಬೆಂಚಿನ ಮೇಲೆ ಕಾಲುಚಾಚಿ, ಚಿಂತಿ ಬಿಡ್ರಿ ವೈನಿ, ಹೆಸರ ನಂದಿರಲಿ, ಕೈ ನಿಮ್ಮದಿರಲಿ ಎಂದ. ಓಣಿಗಳು ಅವನ ಉದಾರತೆಯನ್ನು ಕೇಳಿ ಮೆಚ್ಚಿದವು. ಫಕೀರವ್ವ ಉತ್ತರ ಕೊಟ್ಟದ್ದು ಪಕ್ಕದಲ್ಲಿ ಕೂತ ನನಗೆ ಮಾತ್ರ ಕೇಳಿಸಿತು.

"ಹೆಸರ ಅವಂದಾದ್ರ ರೊಟ್ಟಿನೂ ಅವಂದ ಆತಲ್ರಿ ಸರ. ನನ್ನ ಪಾಲಿಗೆ ಉಳಿಯೂದು ಒಲಿ ಮುಂದಿನ ಬೆವರು. ನನಗ ಅಕ್ಷರಾ ಹೇಳಿಕೊಡ್ರಿ."

ಮಧ್ಯಾಹ್ನ ಊಟದವರು ಎದ್ದುಹೋದ ಮೇಲೆ ನಮ್ಮ ಪಾಠ. ಅವಳಿಗೆ ಹೇಳಿಕೊಟ್ಟದ್ದು ಅವಳೊಬ್ಬಳಿಗೆ ಕೇಳಿಸಿದ್ದಲ್ಲ. ನನ್ನ ದನಿ ಹೋದಷ್ಟು ದೂರವೂ ಪಾಠ ಹೋಯಿತು. ಸ್ವಲ್ಪ ದಿನಕ್ಕೆ ಬಳೆಗಾರ್ತಿಯರು ಬಳೆ ತೊಡಿಸುತ್ತ ಸಂಧಿಗಳನ್ನು ಬಿಡಿಸುತ್ತಿದ್ದರು. ದಾದಾಪೀರ ಅಂಗಿಯ ಕಾಲರು ಕತ್ತರಿಸುತ್ತ ವೃತ್ತದ ಪ್ರಮೇಯ ಒಪ್ಪಿಸುತ್ತಿದ್ದ, ತಪ್ಪಿಲ್ಲದೆ. ಆದರೆ ಅವನು ಪರೀಕ್ಷೆಗೆ ಹೆಸರು ಕೊಟ್ಟಿರಲಿಲ್ಲ. ಪ್ರಮೇಯ ಎಷ್ಟು ಸರಿಯಿದ್ದರೂ ಅದು ಅವನ ಹೊಲಿಗೆ ಯಂತ್ರದಿಂದ ಆಚೆಗೆ ಹೋಗಲಿಲ್ಲ.

ಫಕೀರವ್ವ ಅಕ್ಷರಗಳನ್ನು ಹಿಟ್ಟಿನ ಹಾಗೆ ನಾದಿದಳು. ಕಲಿತದ್ದನ್ನು ಮರೆಯುತ್ತಿರಲಿಲ್ಲ, ಒಪ್ಪುತ್ತಲೂ ಇರಲಿಲ್ಲ. ಮೊದಲ ಸಲ ಮೆಟ್ರಿಕ್ ಪರೀಕ್ಷೆಗೆ ಕೂತಾಗ ನನ್ನ ಆದರ್ಶ ವ್ಯಕ್ತಿ ಎಂಬ ಪ್ರಬಂಧ ಬಂದಿತ್ತು. ಅವಳು ತನ್ನ ಅತ್ತೆಯ ಬಗ್ಗೆ ಬರೆದಿದ್ದಳು. ಅತ್ತೆ ಕೆಟ್ಟವಳೆಂದೂ, ತನಗೆ ಹಸಿದ ಹೊಟ್ಟೆಯಲ್ಲಿ ರೊಟ್ಟಿ ಬಡಿಯಲು ಕಲಿಸಿದಳೆಂದೂ, ಸತ್ತ ದಿನ ಅಳು ಬರಲಿಲ್ಲವೆಂದೂ, ಆದರೆ ಇವತ್ತಿಗೂ ರೊಟ್ಟಿ ಉಬ್ಬಿದಾಗ ಬಾಗಿಲ ಕಡೆ ತಿರುಗಿ ಅತ್ತೆ ನೋಡಿದಳೇ ಎಂದು ಹುಡುಕುತ್ತೇನೆಂದೂ. ಮನೆಗೆ ಬಂದು ಅದನ್ನು ನನ್ನ ಕಿವಿಯಲ್ಲಿ ಹೇಳಿ ಒಪ್ಪಿಸಿದಳು. ನಾನು ಓದಿದ ಪುಸ್ತಕಗಳಲ್ಲಿ ಅಂಥದ್ದು ಬಹಳ ಇಲ್ಲ. ಕನ್ನಡದಲ್ಲಿ ಅವಳು ನಪಾಸಾದಳು.

ಮುಂದಿನ ಸಲಕ್ಕೆ ಗೈಡು ತಂದೆವು. ಆದರ್ಶ ವ್ಯಕ್ತಿ ಬೆಳಿಗ್ಗೆ ಬೇಗ ಏಳುತ್ತಾನೆ, ಹಿರಿಯರನ್ನು ಗೌರವಿಸುತ್ತಾನೆ, ಕಾಲವನ್ನು ವ್ಯರ್ಥ ಮಾಡುವುದಿಲ್ಲ. ಇಂಥಾವ್ರು ಎಲ್ಲಿ ಅದಾರ್ರಿ ಸರ ಎಂದು ಕೇಳಿದಳು. ಗೈಡಿನಲ್ಲಿ ಎಂದೆ, ಹೊರಗೆ ಬೀದಿಯಲ್ಲಿ ಯಾರೋ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅವಳು ನಗಲಿಲ್ಲ. ಗಡುವು ಹತ್ತಿರ ಬರುತ್ತಿತ್ತು, ಗುರುಶಾಂತ ಖಾನಾವಳಿಗೆ ಬಳಿಸುವ ಬಣ್ಣವನ್ನು ಆಗಲೇ ಆರಿಸಿಟ್ಟಿದ್ದ. ಅವಳು ಗೈಡನ್ನು ಬಾಯಿಪಾಠ ಮಾಡಿದಳು, ಬರೆದಳು, ಪಾಸಾದಳು.

ಸರ್ಟಿಫಿಕೇಟು ಬಂದದ್ದು ಗಡುವಿನ ಕೊನೆಯ ದಿನ, ಮಧ್ಯಾಹ್ನದ ಪಂಕ್ತಿ ಅರ್ಧ ಆಗಿದ್ದಾಗ. ಅಧ್ಯಕ್ಷರು ಪರವಾನಗಿಯ ಕಾಗದ ಹಿಡಿದು ದಾದಾಪೀರನ ಅಂಗಡಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತೇ ಇದ್ದರು, ಜೊತೆಗೆ ಗುರುಶಾಂತ. ದಾದಾಪೀರ ಅಧ್ಯಕ್ಷರ ಬೆನ್ನ ಹಿಂದೆ, ಯಂತ್ರದ ಮುಂದೆ. ಬೆಂಚು ಭರ್ತಿ. ಅಂಚೆಯವನು ಲಕೋಟೆ ಕೊಟ್ಟ. ಫಕೀರವ್ವ ಕೈಯ ಹಿಟ್ಟು ಒರೆಸಿಕೊಂಡು ಅದನ್ನು ಬಿಡಿಸಿ, ತನ್ನ ಹೆಸರನ್ನು ತಾನೇ ಓದಿಕೊಂಡು, ಸೆರಗಿನಲ್ಲಿ ಸಿಕ್ಕಿಸಿ ಒಲೆಯ ಮುಂದೆ ಕೂತಳು. ಬೀದಿಯಾಚೆಯಿಂದ ಅಧ್ಯಕ್ಷರು, ಹೂಂ, ಇನ್ನು ಅನ್ನು ಎಂದರು. ಇಡೀ ಊರು ಕೆಲಸ ನಿಲ್ಲಿಸಿತು.

ಬೆಂಕಿ, ಎಂದಳು ಫಕೀರವ್ವ.

ಅವಳ ದನಿಯನ್ನು ಬೀದಿ ಕೇಳಿದ್ದು ಅದೇ ಮೊದಲು. ದಪ್ಪ ದನಿ, ಸ್ವಲ್ಪ ಒಡಕು. ಬೀದಿಯ ಕೊನೆಯ ಮನೆಯ ಮುದುಕಿಯೊಬ್ಬಳು ವಿಷಯ ಗೊತ್ತಿಲ್ಲದೆ ಕೊಡ ಹಿಡಿದುಕೊಂಡು ಓಡಿಬಂದಳು. ಜನ ನಕ್ಕರು, ಅಧ್ಯಕ್ಷರೂ ನಕ್ಕರು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡು, ಕೇಳಿಸಿತು, ಅಭಿನಂದನೆಗಳು ಫಕೀರವ್ವನವರೇ, ಇನ್ನು ಮೇಲೆ ನೀವೂ ನಮ್ಮವರೇ ಎಂದರು. ಅವರ ಬಾಯಲ್ಲಿ ಅವಳಿಗೆ ಬಹುವಚನ ಬಂದದ್ದೂ ಅದೇ ಮೊದಲು. ಗುರುಶಾಂತ ಎದ್ದು ಚಪ್ಪಾಳೆ ಹೊಡೆದ. ಬೇರೆ ಏನು ಮಾಡುವುದೆಂದು ಅವನಿಗೆ ತೋಚಿದಂತಿರಲಿಲ್ಲ.

ಫಕೀರವ್ವನ ಮುಖ ಒಲೆಯ ಬೆಳಕಿಗೆ ಹೊಳೆಯುತ್ತಿತ್ತು. ಕಣ್ಣು ತುಂಬಿತ್ತು. ಖಾನಾವಳಿ ಉಳಿದಿತ್ತು, ಕೈಯೂ ಅವಳದು, ಹೆಸರೂ ಅವಳದು. ಅಂಥ ಸಂತೋಷದಲ್ಲಿ ಮನುಷ್ಯರು ತಮಗೆ ರೂಢಿಯಾದದ್ದನ್ನೇ ಮಾಡುತ್ತಾರೆ. ಅವಳು ಯಾವಾಗಿನಂತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ನನ್ನ ಕಡೆ ವಾಲಿ, ಕಿವಿಗೆ ಬಾಯಿ ತಾಗಿಸಿ, ಆದಷ್ಟು ಮೆತ್ತಗೆ ಹೇಳಿದಳು:

"ಕೇಳಿದ್ರಿಲ್ಲೋ ಸರ, ಮಾವನ ದನಿ? ಬಾಯಿ ಅಷ್ಟ ಅಳಿಯಂದು."

ಬೀದಿಯ ಈ ತುದಿಯಿಂದ ಆ ತುದಿಗೆ ಕೇಳಿಸಿತು.

ನಾನು ಬೆಂಚಿನ ಕಡೆ ನೋಡಿದೆ. ಆ ಮಾತಿಗೆ ಅಲ್ಲಿದ್ದ ಒಬ್ಬೊಬ್ಬನೂ ಎಷ್ಟೋ ಸಲ ತುತ್ತು ನೆತ್ತಿಗೇರುವಷ್ಟು ನಕ್ಕಿದ್ದ. ನಡುವೆ ಕೂತವನು ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ದಾಟಿಸಲು ಏನೂ ಉಳಿದಿರಲಿಲ್ಲ, ಎಲ್ಲರಿಗೂ ಒಟ್ಟಿಗೇ ಕೇಳಿಸಿಬಿಟ್ಟಿತ್ತು, ಎಲ್ಲರಿಗೂ ಕೇಳಿಸಿದ್ದು ಎಲ್ಲರಿಗೂ ಗೊತ್ತಿತ್ತು. ಅವರು ತಟ್ಟೆಗಳಲ್ಲಿದ್ದ ಶೇಂಗಾ ಚಟ್ನಿಯನ್ನು ಬಹಳ ಹೊತ್ತು ರೊಟ್ಟಿಗೆ ಸವರಿದರು. ನಗುವುದಕ್ಕೆ ಸರ್ಟಿಫಿಕೇಟು ಬೇಕಿರಲಿಲ್ಲ. ಆದರೂ ಬೀದಿಯಾಚೆಯಿಂದ, ಆ ಕೆಮ್ಮು ಬೆರೆತ ನಗು ಬರಬೇಕಾದಲ್ಲಿಂದ, ಹೊಲಿಗೆ ಯಂತ್ರದ ಸದ್ದು ಬಂತು.

ಅಧ್ಯಕ್ಷರು ಸೇಡು ತೀರಿಸಿಕೊಳ್ಳುತ್ತಾರೆಂದು ನಾನು ಹೆದರಿದ್ದೆ. ಅವರು ಮರ್ಯಾದಸ್ಥರು. ಮೆಟ್ರಿಕ್ ಆದವರ ಮನೆಯ ಮಾತು, ಕೇಳಿಸಿತು. ಕೇಳಿಸಿಲ್ಲವೆಂಬಂತೆ ಜೇಬಿನಿಂದ ಪೆನ್ನು ತೆಗೆದು ಪರವಾನಗಿಗೆ ಸಹಿ ಹಾಕಿದರು, ಒಳಗೆ ಕಳಿಸಿದರು, ಬಿಸಿಲು ಜಾಸ್ತಿಯಾಯಿತೆಂದು ಇಡೀ ಊರಿಗೆ ಹೇಳುತ್ತ ಮನೆಗೆ ನಡೆದರು.

ಸೇಡು ತೀರಿಸಿಕೊಂಡಿದ್ದರೆ ಒಳ್ಳೆಯದಿತ್ತು. ಜನ ಅವಳ ಸುತ್ತ ಸೇರಿ ಏನಾದರೂ ಅನ್ನುತ್ತಿದ್ದರು. ಅದರ ಬದಲು ಅವಳಿಗೆ ಮರ್ಯಾದೆ ಸಿಕ್ಕಿತು. ಮರುದಿನದಿಂದ ನಡುವಿನ ಜಾಗಕ್ಕೆ ಯಾರೂ ಪೈಪೋಟಿ ಮಾಡಲಿಲ್ಲ. ಎಲ್ಲಿ ಕೂತರೂ ಕೇಳಿಸುತ್ತದೆ ಎಂದ ಮೇಲೆ ಬಾಗುವುದೇಕೆ, ಕುತ್ತಿಗೆ ಚಾಚುವುದೇಕೆ. ಅವಳು ಮೊದಲ ಕೆಲವು ದಿನ ಪ್ರಯತ್ನಿಸಿದಳು. ಗಿರಣಿಯವನ ಜಿಪುಣತನದ ಬಗ್ಗೆ ಒಂದು ಮಾತು ಬಿಟ್ಟಳು. ಗಿರಣಿಯವನು ಅದೇ ಹೊತ್ತಿಗೆ ಬೀದಿಯಲ್ಲಿ ಹೋಗುತ್ತಿದ್ದ, ಕೇಳಿಸದವನಂತೆ ಹೋದ, ಆಮೇಲೆ ಹಿಟ್ಟಿನಲ್ಲಿ ನುಚ್ಚು ಬರತೊಡಗಿತು. ಹೆಸರಿಲ್ಲದೆ ಹೇಳಿ ನೋಡಿದಳು. ಬೀದಿಯ ಮನೆಮನೆಯಲ್ಲೂ ಇದು ತಮಗೇ ಅಂದದ್ದೆಂದು ಬಾಗಿಲು ಹಾಕಿಕೊಂಡರು. ಯಾರ ಮನಸ್ಸಿಗೂ ನೋವಾಗದಂತೆ ಹೇಳಿದಳು. ಅದು ಗೈಡಿನಂತೆ ಕೇಳಿಸಿತು. ಅವಳ ಮಾತೆಲ್ಲ ಒಂದು ಕಿವಿಯ ಅಳತೆಗೆ ಹೊಲಿದದ್ದು. ಬೀದಿಗೆ ತೊಡಿಸಲು ಹೋದರೆ ಎಲ್ಲ ಕಡೆ ಹರಿಯುತ್ತಿತ್ತು.

ಬೆಂಚಿನವರು ಅವಳ ಮಾತು ಕೇಳಿಸಿದಾಗ ತಟ್ಟೆ ನೋಡುವುದನ್ನು ಕಲಿತರು. ಕಲಿಯಲು ಹೊಸದೇನಿರಲಿಲ್ಲ. ದಿನಾ ಬೆಳಿಗ್ಗೆ ಸರ್ವಮಂಗಳಾ ಅವರ ಮಾತಿಗೆ ಹಲ್ಲುಜ್ಜುತ್ತಿದ್ದವರು ಅವರೇ. ಓದಿದವರಿಗೆ ಸಲ್ಲುವುದು ಈಗ ಫಕೀರವ್ವನಿಗೂ ಸಂದಿತು.

ವ್ಯಾಪಾರ ಕೆಟ್ಟಿತೆಂದುಕೊಳ್ಳಬೇಡಿ. ಪರವಾನಗಿ ಇರುವ ಖಾನಾವಳಿ ಅದೊಂದೇ ಆದ್ದರಿಂದ ಪುರಸಭೆಯ ಸಭೆಗಳ ಊಟವೂ ಅಲ್ಲಿಂದಲೇ ಹೋಗತೊಡಗಿತು. ಬೆಂಚು ಹೋಗಿ ಟೇಬಲ್ಲುಗಳು ಬಂದವು, ಒಂದೊಂದಕ್ಕೆ ನಾಲ್ಕು ಕುರ್ಚಿ, ಒಬ್ಬರ ಬೆನ್ನು ಇನ್ನೊಬ್ಬರಿಗೆ. ಗೋಡೆಗೆ ಗುರುಶಾಂತ ಆರಿಸಿದ್ದ ಅದೇ ಬಣ್ಣ ಬಳಿಸಿದರು, ಬಣ್ಣವೇನೋ ಚೆನ್ನಾಗಿಯೇ ಇತ್ತು. ಅವನು ಕಟ್ಟೆಯ ಮೇಲೆ ಕೂತು, ನಮ್ಮ ವೈನಿ ಮೆಟ್ರಿಕ್, ಛಲಾ ಅಂದ್ರ ಹಿಂಗಿರಬೇಕು ಎಂದು ನಾಲ್ಕಾರು ಓಣಿಗೆ ಹೇಳುತ್ತಿದ್ದ. ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳಿಗೆ ಸನ್ಮಾನವಾಯಿತು. ಅಧ್ಯಕ್ಷರು ಶಾಲು ಹೊದಿಸಿ, ವಿದ್ಯೆಯಿಂದ ಮನುಷ್ಯ ಎಲ್ಲಿಂದ ಎಲ್ಲಿಗೆ ಮುಟ್ಟಬಲ್ಲ ಎಂಬುದಕ್ಕೆ ಇವರೇ ಸಾಕ್ಷಿ ಎಂದರು. ಮಕ್ಕಳಿಗೆ ಎರಡು ಮಾತು ಹೇಳಬೇಕೆಂದು ಮಾಸ್ತರರು ಕೇಳಿಕೊಂಡರು. ಅವಳು ಎದ್ದುನಿಂತು ಮಕ್ಕಳನ್ನು ನೋಡಿದಳು, ಅಧ್ಯಕ್ಷರನ್ನು ನೋಡಿದಳು, ಹೊರಗಿನ ಬೀದಿಯನ್ನು ನೋಡಿದಳು. ಬೆಳಿಗ್ಗೆ ಬೇಗ ಏಳಬೇಕು ಎಂದಳು. ಹಿರಿಯರನ್ನು ಗೌರವಿಸಬೇಕು ಎಂದಳು. ಕಾಲವನ್ನು ವ್ಯರ್ಥ ಮಾಡಬಾರದು ಎಂದಳು. ಬಹಳ ಹೊತ್ತು ಚಪ್ಪಾಳೆ ಬಿತ್ತು. ಬೆಂಚಿನ ಹಳೆಯ ಗೆಳೆಯರೂ ತಟ್ಟಿದರು, ಎಲ್ಲರೂ ಒಟ್ಟಿಗೇ.

ಮೊನ್ನೆ ಮಧ್ಯಾಹ್ನ ನಾನು ಊಟಕ್ಕೆ ತಡವಾಗಿ ಹೋದೆ. ಟೇಬಲ್ಲುಗಳು ಖಾಲಿಯಾಗಿದ್ದವು. ಒಲೆಯ ಪಕ್ಕದಲ್ಲಿ ನನ್ನ ಮಣೆ ಮಾತ್ರ ಹಾಗೇ ಇತ್ತು. ಅದನ್ನು ತೆಗೆಯಲು ಅವಳು ಬಿಟ್ಟಿರಲಿಲ್ಲ. ಕೂತೆ. ರೊಟ್ಟಿ ಹಾಕಿದಳು, ಬದನೆಕಾಯಿ ಹಾಕಿದಳು, ಎದುರಿಗೆ ಕೂತು ನಾನು ಉಣ್ಣುವುದನ್ನು ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳ ಕಣ್ಣಿನ ತುದಿ ಮೊದಲಿನಂತೆ ಸಣ್ಣಗಾಯಿತು. ಏನೋ ಬಂದಿತ್ತು, ನಾಲಿಗೆಯವರೆಗೆ. ಸೆರಗು ಬಾಯಿಗೆ ಹೋಯಿತು. ಅವಳು ನನ್ನ ಕಡೆ ವಾಲಿದಳು, ನಾನು ತುತ್ತು ಹಿಡಿದ ಕೈಯನ್ನು ಅಲ್ಲೇ ನಿಲ್ಲಿಸಿ ಕಿವಿ ಕೊಟ್ಟೆ. ಅವಳ ಉಸಿರು ಕಿವಿಗೆ ಬೆಚ್ಚಗೆ ತಾಗುತ್ತಿತ್ತು. ಬಾಗಿಲಾಚೆ ಬೀದಿ ಬಿಸಿಲಲ್ಲಿ ತೆರೆದು ಬಿದ್ದಿತ್ತು. ಅವಳು ಅದರ ಕಡೆ ನೋಡಿದಳು, ಸೆರಗು ಇಳಿಸಿದಳು.

"ಏನಿಲ್ಲ ಬಿಡ್ರಿ ಸರ" ಎಂದಳು.

ಬೀದಿಗೆಲ್ಲ ಕೇಳಿಸಿತು. ಎದುರಿಗೆ ದಾದಾಪೀರ, ಮರ್ಯಾದಸ್ಥ, ತಲೆ ಎತ್ತದೆ ಸೂಜಿಗೆ ದಾರ ಪೋಣಿಸುತ್ತಿದ್ದ.